ಲಿನಕ್ಸ್‌ನಲ್ಲಿ ಗೇಮ್ ಓಪನ್ ಆಗುತ್ತೆ, ಆನ್‌ಲೈನ್ ಮ್ಯಾಚ್‌ನಿಂದ ಮಾತ್ರ ಹೊರಗೆ ಹಾಕುತ್ತೆ (ಬಗೆಹರಿದಿದೆ)

ಪ್ರಶ್ನೆ:
ನಮಸ್ಕಾರ. ಎರಡು ವಾರದ ಹಿಂದೆ ವಿಂಡೋಸ್ ಪೂರ್ತಿ ತೆಗೆದು ಲಿನಕ್ಸ್ ಹಾಕಿಕೊಂಡೆ. ಸ್ಟೀಮ್‌ನಲ್ಲಿ (ಗೇಮ್ ಕೊಂಡು ಆಡೋ ಆಪ್) ಪ್ರೋಟಾನ್ (ವಿಂಡೋಸ್ ಗೇಮನ್ನ ಲಿನಕ್ಸ್‌ನಲ್ಲಿ ಓಡಿಸೋ ಟೂಲ್) ಮೂಲಕ ಒಂದು ಗೇಮ್ ಆಡ್ತಿದ್ದೀನಿ, ಈಸಿ ಆಂಟಿ-ಚೀಟ್ (ಆಟದಲ್ಲಿ ಮೋಸ ತಡೆಯೋ ಸಾಫ್ಟ್‌ವೇರ್) ಇರೋದು. ಮೆನು ಬರುತ್ತೆ, ಒಬ್ಬನೇ ಆಡಿದರೆ ಏನೂ ತೊಂದರೆಯಿಲ್ಲ. ಆನ್‌ಲೈನ್ ಮ್ಯಾಚಿಗೆ ಸೇರಿದರೆ ಅರ್ಧ ನಿಮಿಷದಲ್ಲಿ ಹೊರಗೆ ಹಾಕುತ್ತೆ. ಮೂರು ಸಲ ತೆಗೆದು ಮತ್ತೆ ಇನ್‌ಸ್ಟಾಲ್ ಮಾಡಿದೆ, ಅದೇ ಕಥೆ. ನನ್ನ ಗೆಳೆಯ ಇದೇ ಗೇಮನ್ನ ಲಿನಕ್ಸ್‌ನಲ್ಲೇ ಆರಾಮಾಗಿ ಆಡ್ತಾನೆ. ನನಗೆ ಮಾತ್ರ ಯಾಕೆ ಹೀಗೆ?

ಉತ್ತರ:
ಗೆಳೆಯನಿಗೆ ನಡೀತಿದೆ ಅಂದಿರಲ್ಲ, ಅರ್ಧ ಉತ್ತರ ಅಲ್ಲೇ ಇದೆ. ಈಸಿ ಆಂಟಿ-ಚೀಟ್, ಅದರಂಥದ್ದೇ ಆದ ಬ್ಯಾಟಲ್‌ಐ ಎರಡಕ್ಕೂ 2021ರಲ್ಲೇ ಪ್ರೋಟಾನ್ ಬೆಂಬಲ ಬಂತು. ಆದರೆ ಪ್ರತಿ ಗೇಮಿಗೂ ಅದನ್ನ ಮಾಡಿದವರೇ ಆನ್ ಮಾಡಬೇಕು. ಅವರು ಮಾಡಿಲ್ಲ ಅಂದರೆ ನಾವು ಎಷ್ಟು ತಲೆ ಚಚ್ಚಿಕೊಂಡರೂ ಆಗಲ್ಲ. ನಿಮ್ಮ ಗೇಮಿಗೆ ಆನ್ ಆಗಿದೆ ಅಂತಾಯ್ತು, ಹಾಗಾಗಿ ಎಡವಟ್ಟು ನಿಮ್ಮ ಮಶೀನಲ್ಲೇ ಇದೆ.

ಸ್ಟೀಮ್ ಲೈಬ್ರರಿಯಲ್ಲಿ ಟೂಲ್ಸ್ ಅಂತ ಫಿಲ್ಟರ್ ಹಾಕಿ, ಪ್ರೋಟಾನ್ ಈಸಿ ಆಂಟಿ-ಚೀಟ್ ರನ್‌ಟೈಮ್ (ಪ್ರೋಟಾನ್‌ನಲ್ಲಿ ಆಂಟಿ-ಚೀಟ್ ಓಡೋಕೆ ಬೇಕಾದ ಭಾಗ) ಇದೆಯಾ ನೋಡಿ. ಆಮೇಲೆ ಗೇಮಿನ ಪ್ರಾಪರ್ಟೀಸ್ ತೆಗೆದು, ಲಾಂಚ್ ಆಪ್ಷನ್ಸ್ (ಗೇಮ್ ಹೇಗೆ ಶುರುವಾಗಬೇಕು ಅಂತ ಬರೆಯೋ ಜಾಗ) ಬಾಕ್ಸಲ್ಲಿ ಏನಿದೆ ಹೇಳಿ.

ಪ್ರಶ್ನೆ ಕೇಳಿದವರು:
ರನ್‌ಟೈಮ್ ಇದೆ. ಬಾಕ್ಸಲ್ಲಿ ಉದ್ದದ ಒಂದು ಸಾಲಿದೆ, ಲಾಂಚರ್ (ಗೇಮಿಗಿಂತ ಮೊದಲು ಓಪನ್ ಆಗೋ ಪ್ರೋಗ್ರಾಮ್) ಬಿಟ್ಟು ಗೇಮನ್ನೇ ನೇರವಾಗಿ ಓಡಿಸೋದು. ಬೇಗ ಓಪನ್ ಆಗುತ್ತೆ ಅಂತ ಎಲ್ಲೋ ನೋಡಿ ಹಾಕಿದ್ದೆ.

ಉತ್ತರ:
ಸಿಕ್ತು, ಅದೇ ಕಾರಣ. ಆಂಟಿ-ಚೀಟನ್ನ ಶುರು ಮಾಡೋದೇ ಆ ಚಿಕ್ಕ ಲಾಂಚರ್. ಅದನ್ನ ಬಿಟ್ಟರೆ ಗೇಮ್ ಕಾವಲಿಲ್ಲದೆ ಓಡುತ್ತೆ, ಸರ್ವರ್ ಅದನ್ನ ಕಂಡುಹಿಡಿದು ಹೊರಗೆ ಹಾಕುತ್ತೆ. ಲಾಂಚ್ ಆಪ್ಷನ್ಸ್ ಇರೋದು ಸ್ಟೀಮ್‌ನ ಸೆಟ್ಟಿಂಗ್‌ನಲ್ಲಿ, ಗೇಮ್ ಫೋಲ್ಡರ್‌ನಲ್ಲಲ್ಲ. ಅದಕ್ಕೇ ಮೂರು ಸಲ ಇನ್‌ಸ್ಟಾಲ್ ಮಾಡಿದರೂ ಆ ಸಾಲು ಹಾಗೇ ಉಳೀತು. ಆ ಸಾಲನ್ನ ಪೂರ್ತಿ ಅಳಿಸಿ, ಸ್ಟೀಮ್ ಮುಚ್ಚಿ ಮತ್ತೆ ಓಪನ್ ಮಾಡಿ ನೋಡಿ.

ಪ್ರಶ್ನೆ ಕೇಳಿದವರು:
ಅಳಿಸಿದೆ. ಈಗ ಶುರುವಲ್ಲಿ ಆಂಟಿ-ಚೀಟ್‌ನ ಪುಟ್ಟ ಕಿಟಕಿ ಬರ್ತಿದೆ, ಮೊದಲು ಬರ್ತಾನೇ ಇರಲಿಲ್ಲ. ಐದು ಮ್ಯಾಚ್ ಆಡಿದೆ, ಒಂದು ಸಲವೂ ಹೊರಗೆ ಹಾಕಲಿಲ್ಲ. ತುಂಬಾ ಥ್ಯಾಂಕ್ಸ್! ವ್ಯಾಲೊರೆಂಟ್ ಗೇಮ್ ಕೂಡ ಹೀಗೇ ಏನಾದರೂ ಮಾಡಿ ಲಿನಕ್ಸ್‌ನಲ್ಲಿ ಆಡಬಹುದಾ?

ಉತ್ತರ:
ಇಲ್ಲ. ಅದರ ಆಂಟಿ-ಚೀಟ್ ಆದ ವ್ಯಾನ್‌ಗಾರ್ಡ್ ವಿಂಡೋಸ್ ಕರ್ನಲ್ (ಸಿಸ್ಟಮ್‌ನ ತಿರುಳು) ಒಳಗೇ ಡ್ರೈವರ್ ಆಗಿ ಕೂರುತ್ತೆ. ಪ್ರೋಟಾನ್ ವಿಂಡೋಸ್ ಪ್ರೋಗ್ರಾಮಿನ ಕರೆಗಳನ್ನ ಲಿನಕ್ಸಿಗೆ ಅರ್ಥವಾಗೋ ಹಾಗೆ ಬದಲಿಸುತ್ತೆ ಅಷ್ಟೇ, ಅಲ್ಲಿ ವಿಂಡೋಸ್ ಕರ್ನಲ್ಲೇ ಇಲ್ಲ. ವರ್ಚುವಲ್ ಮಶೀನ್‌ನಲ್ಲಿ (ಕಂಪ್ಯೂಟರ್ ಒಳಗೇ ಓಡೋ ನಕಲಿ ಕಂಪ್ಯೂಟರ್) ಮೋಸ ಮಾಡಿ ಓಡಿಸೋ ಉಪಾಯಗಳಿಗೆ ದಯವಿಟ್ಟು ಕೈ ಹಾಕಬೇಡಿ, ಅಕೌಂಟ್ ಬ್ಯಾನ್ ಆದರೆ ವರ್ಷಗಟ್ಟಲೆ ಆಡಿದ್ದೆಲ್ಲ ಹೋಗುತ್ತೆ. ಆಡಲೇಬೇಕಂದರೆ ಬೇರೆ ಡಿಸ್ಕ್‌ನಲ್ಲಿ ವಿಂಡೋಸ್ ಇಟ್ಟುಕೊಳ್ಳಿ.

ಇನ್ನೊಂದು ಮಾತು, ಇವತ್ತು ನಡೆಯೋ ಗೇಮ್ ನಾಳೆ ನಿಲ್ಲಬಹುದು. ಏಪೆಕ್ಸ್ ಲೆಜೆಂಡ್ಸ್ ಲಿನಕ್ಸ್‌ನಲ್ಲಿ ಚೆನ್ನಾಗೇ ನಡೀತಿತ್ತು, 2024ರ ಅಕ್ಟೋಬರ್ ಕೊನೆಗೆ ಲಿನಕ್ಸ್‌ನವರಿಗೆ ಮುಚ್ಚಿದರು. ದುಡ್ಡು ಕೊಡೋ ಮೊದಲು ಪ್ರೋಟಾನ್‌ಡಿಬಿಯಲ್ಲಿ (ಯಾವ ಗೇಮ್ ಪ್ರೋಟಾನ್‌ನಲ್ಲಿ ಎಷ್ಟು ಚೆನ್ನಾಗಿ ನಡೆಯುತ್ತೆ ಅಂತ ಆಡಿದವರು ಬರೆಯೋ ಸೈಟ್) ಇತ್ತೀಚಿನ ವರದಿಗಳನ್ನೇ ಓದಿ, ಹಳೇ ಗೋಲ್ಡ್ ರೇಟಿಂಗ್ ನಂಬಬೇಡಿ.