ಇಂಗ್ಲಿಷ್ ನೇಮ್ ಬೋರ್ಡ್: ಮನೆಹೆಸರಿಗೆ ಎಸ್ ಹಾಕುವಾಗ ಅಪಾಸ್ಟ್ರಫಿ (’) ಎಲ್ಲಿ?

ಪ್ರಶ್ನೆ (ಕುಶಾಲನಗರ, ಬೋರ್ಡ್ ಕೆಲಸ)

ಮೂರು ಬೋರ್ಡ್ ಕಟಿಂಗ್‌ಗೆ ಹೋಗಬೇಕು, ಇಂಗ್ಲಿಷ್ ಸ್ಪೆಲಿಂಗ್ ಹತ್ತಿರ ಬಂದು ನಿಂತಿವೆ. ಅಕ್ಷರ ಎಲ್ಲಿ ಸೇರುತ್ತೆ ಅನ್ನೋದನ್ನ + ಹಾಕಿ ತೋರಿಸಿದ್ದೇನೆ.

1. ಗೇಟಿನ ಗ್ರಾನೈಟ್. ಅಪ್ಪ ಕಳಿಸಿದ್ದು “ದಿ ಶೆಟ್ಟಿ+’ಎಸ್”. ಮಗಳು ಹೇಳೋದು ಕೊನೆಯ ವೈ ತೆಗೆದು ಐಇಎಸ್ ಹಾಕಿ ಅಂತ.
2. ಸುಂಟಿಕೊಪ್ಪ ಕಡೆಯ ಹೋಂಸ್ಟೇ, ಥಾಮಸ್ ಕುಟುಂಬದ್ದು. “ಥಾಮಸ್+’ ನೆಸ್ಟ್” ಅಂತಿದೆ, ಇನ್ನೊಂದು ಎಸ್ ಬೇಡವಾ?
3. ಒಂದು ಕೊಡವ ಒಕ್ಕದ (ಮನೆತನದ) ಐನ್‌ಮನೆ, ಅಂದರೆ ಪೂರ್ವಜರ ಮೂಲಮನೆ. ಒಕ್ಕದ ಹೆಸರಿಗೆ ’ಎಸ್ ಸೇರಿಸಿ ಐನ್‌ಮನೆ ಅಂತ ಬರೆಯಬೇಕಂತೆ.

ಗ್ರಾನೈಟ್ ಒಮ್ಮೆ ಕೆತ್ತಿದರೆ ಮುಗೀತು. ಗ್ಯಾರಂಟಿ ಉತ್ತರ ಬೇಕು.

ಉತ್ತರ (ಮಡಿಕೇರಿ)

ಮೊದಲು ಕನ್ನಡದಲ್ಲಿ ಹೇಳಿ ನೋಡಿ, ಆಮೇಲೆ ಇಂಗ್ಲಿಷಿಗೆ ಹೋಗಿ. “ಶೆಟ್ಟರು” ಅಂದರೆ ಬರೀ ಬಹುವಚನ, ಅಪಾಸ್ಟ್ರಫಿಗೆ ಕೆಲಸವೇ ಇಲ್ಲ: ಶೆಟ್ಟಿ+ಎಸ್. “ಶೆಟ್ಟಿಯ ತೋಟ” ಒಬ್ಬನದು: ಶೆಟ್ಟಿ+’ಎಸ್. “ಶೆಟ್ಟರ ತೋಟ” ಇಡೀ ಮನೆಯವರದು: ಶೆಟ್ಟಿ+ಎಸ್+’. ಗೇಟಿನ ಮೇಲೆ “ಇಲ್ಲಿ ಶೆಟ್ಟರು ಇದ್ದಾರೆ” ಅನ್ನೋ ಅರ್ಥ ತಾನೇ ಬೇಕಿರೋದು? ಹಾಗಾದರೆ ಅಪಾಸ್ಟ್ರಫಿ ತೆಗೆದುಬಿಡಿ. ಅಪ್ಪ ಬರೆದದ್ದು “ಶೆಟ್ಟಿಯ…” ಅಂತ ಹೇಳಿ ಬಾಯಿ ಮುಚ್ಚಿಕೊಂಡ ಹಾಗಾಯ್ತು.

ಮಗಳ ಐಇಎಸ್ ಕೂಡ ಬೇಡ. ಬೇಬಿ, ಲೇಡಿ ಥರದ ಮಾಮೂಲಿ ನಾಮಪದದಲ್ಲಿ ವೈ ಹೋಗಿ ಐಇಎಸ್ ಬರುತ್ತೆ, ಆದರೆ ಮನೆಹೆಸರಿನ ಸ್ಪೆಲಿಂಗ್ ಮುಟ್ಟಬಾರದು. ಕೆನಡಿ ಕುಟುಂಬ ಕೆನಡಿ+ಎಸ್ ಆದ ಹಾಗೆ ಶೆಟ್ಟಿ+ಎಸ್, ವೈ ಹಾಗೇ ಇರಬೇಕು. ವುಲ್ಫ್ ಅನ್ನೋ ಮನೆಹೆಸರಿಗೂ ಇದೇ ರೂಲು, ಎಫ್ ಹೋಗಿ ವಿ ಆಗಲ್ಲ.

ಥಾಮಸ್ ವಿಷಯ ಸ್ವಲ್ಪ ಬೇರೆ. ಎಸ್, ಎಕ್ಸ್, ಝಡ್, ಎಸ್‌ಎಚ್, ಚ ಸದ್ದಿನ ಸಿಎಚ್‌ನಿಂದ ಮುಗಿಯುವ ಹೆಸರಿಗೆ ಬಹುವಚನದಲ್ಲಿ ಇಎಸ್ ಸೇರುತ್ತೆ: ಥಾಮಸ್+ಇಎಸ್, ದಾಸ್+ಇಎಸ್, ಪ್ರಕಾಶ್+ಇಎಸ್. ಸಿಎಚ್ ಇದ್ದೂ ಕ ಸದ್ದು ಬಂದರೆ ಎಸ್ ಒಂದೇ ಸಾಕು, ಬಾಖ್ ಅನ್ನೋ ಜರ್ಮನ್ ಮನೆಹೆಸರಿನ ಥರ. ಕುಟುಂಬದ ಗೂಡು ಅಂದರೆ ಥಾಮಸ್+ಇಎಸ್+’ ನೆಸ್ಟ್. ಒಬ್ಬರೇ ಥಾಮಸ್ ಆದರೆ ಥಾಮಸ್+’ಎಸ್ ನೆಸ್ಟ್. ಶಿಕಾಗೊ ಮತ್ತು ಆಕ್ಸ್‌ಫರ್ಡ್ ಬರವಣಿಗೆ ಕೈಪಿಡಿಗಳ ಶೈಲಿ ಇದು. ಬರೀ ಅಪಾಸ್ಟ್ರಫಿ ಇಡೋದು ಅಮೆರಿಕದ ಎಪಿ ಸುದ್ದಿಸಂಸ್ಥೆಯ ಶೈಲಿ, ಅದೂ ಒಬ್ಬರೇ ಥಾಮಸ್‌ಗೆ. ಒಬ್ಬರ ವಿಷಯಕ್ಕೆ ಎರಡೂ ನಡೆಯುತ್ತೆ, ಬೋರ್ಡಲ್ಲಿ ಒಂದು ಬ್ರೋಶರಲ್ಲಿ ಇನ್ನೊಂದು ಮಾತ್ರ ಬೇಡ.

ಕಿವಿಯನ್ನು ನಂಬಬೇಡಿ. ಥಾಮಸ್+ಇಎಸ್, ಥಾಮಸ್+’ಎಸ್, ಥಾಮಸ್+ಇಎಸ್+’ ಮೂರೂ ಬಾಯಲ್ಲಿ ಒಂದೇ. ಫೋನಲ್ಲಿ ಆರ್ಡರ್ ತಗೊಂಡಾಗ ತಪ್ಪೋದು ಇದಕ್ಕೇ.

ಉತ್ತರ (ವಿರಾಜಪೇಟೆ)

ಮೇಲಿನ ಕನ್ನಡದ ಪರೀಕ್ಷೆ ಒಳ್ಳೆಯದೇ, ಆದರೆ ಒಂದು ಕಡೆ ಕೈಕೊಡುತ್ತೆ. ನಾವು ಒಬ್ಬರಿಗೇ ಗೌರವಕ್ಕೆ “ಅವರು” ಅಂತೀವಲ್ಲ? “ತಿಮ್ಮಯ್ಯನವರ ಮನೆ” ಅಂದಾಗ ಆ ನವರ ಬಹುವಚನ ಅಲ್ಲ, ಮರ್ಯಾದೆ. ಮಡಿಕೇರಿಯ ಸನ್ನಿಸೈಡ್ ಜನರಲ್ ತಿಮ್ಮಯ್ಯನವರ ಮನೆ. ಇಂಗ್ಲಿಷಿನಲ್ಲಿ ಅದು ತಿಮ್ಮಯ್ಯ+’ಎಸ್. ತಿಮ್ಮಯ್ಯ+ಎಸ್+’ ಅಂತ ಬರೆದರೆ ಹಲವು ತಿಮ್ಮಯ್ಯಂದಿರು ಸೇರಿದ ಮನೆ ಆಗುತ್ತೆ. “ಶೆಟ್ಟರ ಅಂಗಡಿ”ಯಲ್ಲೂ ಇದೇ ಇಕ್ಕಟ್ಟು: ಅಂಗಡಿ ಒಬ್ಬರದೇ ಇರಬಹುದು. ಹಾಗಾಗಿ ಮೊದಲು ಮರ್ಯಾದೆ ಕಳಚಿ, ತಲೆ ಎಣಿಸಿ, ಆಮೇಲೆ ಅಪಾಸ್ಟ್ರಫಿ ಇಡಿ. ರಾಜಾಸೀಟ್ ನೋಡಿ, ಇಂಗ್ಲಿಷಿನಲ್ಲಿ ಸಾಮಾನ್ಯವಾಗಿ ರಾಜ+’ಎಸ್ ಸೀಟ್, ಒಬ್ಬ ರಾಜನ ಆಸನ. ಅದೇ ಚಿಹ್ನೆ ಎಸ್ ದಾಟಿ ಕೂತರೆ ರಾಜರುಗಳ ಆಸನ.

ಈ ಕಡೆ ಜಾಸ್ತಿ ಎಡವೋ ಹೆಸರುಗಳು ಬೇರೆಯೇ ಇವೆ. ಮ್ಯಾಥ್ಯೂ ಮನೆಯವರು ಬಹುವಚನದಲ್ಲಿ ಮ್ಯಾಥ್ಯೂ+ಎಸ್ ಆಗ್ತಾರೆ, ಅದು ಮ್ಯಾಥ್ಯೂಸ್ ಅನ್ನೋ ಇನ್ನೊಂದು ಮನೆಹೆಸರಿನ ಥರವೇ ಕಾಣುತ್ತೆ. ಮ್ಯಾಥ್ಯೂಸ್‌ನವರು ಮ್ಯಾಥ್ಯೂಸ್+ಇಎಸ್. ಪೈಗಳು ಪೈ+ಎಸ್, ಆದರೆ ಪಾಯ್ಸ್ ಅನ್ನೋ ಕ್ರಿಶ್ಚಿಯನ್ ಮನೆಹೆಸರಿನ ಸ್ಪೆಲಿಂಗೂ ಅದೇ! ಗಿರಾಕಿ ಚೀಟಿಯಲ್ಲಿ ಇಂಥ ಹೆಸರು ಕಂಡರೆ ಆ ಎಸ್ ಹೆಸರಿನದೋ ಬಹುವಚನದ್ದೋ ಅಂತ ಕೇಳಿಯೇ ಮುಂದೆ ಹೋಗಿ. ಪಿಂಟೊ, ಲೋಬೊಗೆ ಎಸ್ ಒಂದೇ, ಇಎಸ್ ಬೇಡ. ಡಿಸೋಜಾದ ಒಳಗಿನ ಅಪಾಸ್ಟ್ರಫಿ ಹೆಸರಿನದ್ದು, ಅದನ್ನು ಮುಟ್ಟದೆ ಕೊನೆಗೆ ಎಸ್ ಹಾಕಿ. ಫರ್ನಾಂಡಿಸ್+ಇಎಸ್ ವ್ಯಾಕರಣಕ್ಕೆ ಸರಿ, ನೋಡೋಕೆ ಚೆನ್ನಾಗಿಲ್ಲ. ಅಂಥಲ್ಲಿ “ದಿ ಫರ್ನಾಂಡಿಸ್ ಫ್ಯಾಮಿಲಿ” ಅಂದರೆ ಎಲ್ಲ ತಾಪತ್ರಯ ತಪ್ಪುತ್ತೆ.

ಮೂರನೇ ಬೋರ್ಡು: ’ಎಸ್ ಖಂಡಿತ ಬೇಡ. ಒಕ್ಕದ ಹೆಸರಿನ ಕೊನೆಯ ಅಂಡ, ಎರ, ಇರಗಳಲ್ಲೇ “ಇಂಥವರ” ಅನ್ನೋ ಸಂಬಂಧ ಕೂತಿದೆ. ಅದರ ಮೇಲೆ ಇಂಗ್ಲಿಷ್ ’ಎಸ್ ಹೇರಿದರೆ “ಇಂಥವರರ ಮನೆ” ಆಗುತ್ತೆ. ಒಕ್ಕದ ಹೆಸರು, ಪಕ್ಕದಲ್ಲಿ ಐನ್‌ಮನೆ, ಅಷ್ಟೇ. ಕೊಡವ ಒಕ್ಕಗಳ ನಡುವಿನ ಹಾಕಿ ಪಂದ್ಯಾವಳಿ, ಅಂದರೆ ಹಾಕಿ ಹಬ್ಬದ ಕಪ್‌ಗಳಿಗೂ ಹೀಗೇ ಒಕ್ಕದ ಹೆಸರು ಮುಂದೆ ಬರುತ್ತೆ. 1997ರಲ್ಲಿ ಕರಡ ಗ್ರಾಮದಲ್ಲಿ ಶುರುವಾದ ಮೊದಲನೆಯದು ಪಾಂಡಂಡ ಕಪ್. ಇಂಗ್ಲಿಷ್ ವಾಕ್ಯದೊಳಗೆ ಒಕ್ಕದ ಎಲ್ಲರನ್ನೂ ಹೇಳಬೇಕಾದರೆ ಮಾತ್ರ ಪಾಂಡಂಡ+ಎಸ್ ಅನ್ನಬಹುದು.

ಪ್ರಶ್ನೆ (ಕುಶಾಲನಗರ)

ಶೆಟ್ಟಿ, ಐನ್‌ಮನೆ ಎರಡೂ ಫೈನಲ್. ಥಾಮಸ್ ಹೋಂಸ್ಟೇ ಇಡೀ ಮನೆಯವರದು, ಹಾಗಾಗಿ ಥಾಮಸ್+ಇಎಸ್+’. ಆದರೆ ಡಿಸೈನ್ ಮಾಡೋ ಕೋರೆಲ್ ಸಾಫ್ಟ್‌ವೇರ್‌ನಲ್ಲಿ ಅಪಾಸ್ಟ್ರಫಿ ಕೆಲವು ಸಲ ನೆಟ್ಟಗೆ, ಕೆಲವು ಸಲ ತಿರುವುಮುರುವು ಬರ್ತಿದೆ. ಅಕ್ಷರ 3 ಇಂಚಿನ ಅಕ್ರಿಲಿಕ್, ಬಿಡಿಬಿಡಿ.

ಉತ್ತರ (ಮಡಿಕೇರಿ)

ಸರಿಯಾದ ಅಪಾಸ್ಟ್ರಫಿ ಇಂಗ್ಲಿಷ್ ಅಂಕಿ 9ರ ಹಾಗೆ, ತಲೆ ದಪ್ಪ, ಬಾಲ ಕೆಳಗೆ ಎಡಕ್ಕೆ. 6ರ ಹಾಗೆ ಬಂದರೆ ಅದು ಉದ್ಧರಣೆ ತೆರೆಯುವ ಚಿಹ್ನೆ. ಹಿಂದೆ ಸ್ಪೇಸ್ ಇದ್ದರೆ ಸಾಫ್ಟ್‌ವೇರ್ ತಾನೇ ಅದನ್ನು ಹಾಕುತ್ತೆ. ಆಲ್ಟ್ ಒತ್ತಿ ಹಿಡಿದು ಬಲಗಡೆಯ ನಂಬರ್ ಪ್ಯಾಡಿನಲ್ಲಿ 0146 ಒತ್ತಿ, ಪ್ರತಿ ಸಲವೂ 9ರದ್ದೇ ಬರುತ್ತೆ. ಇಂಗ್ಲಿಷ್ ಸಾಲಿಗೆ ಇಂಗ್ಲಿಷ್ ಫಾಂಟ್ ಆರಿಸಿಕೊಂಡೇ ಟೈಪ್ ಮಾಡಿ. ನುಡಿ ಸಾಫ್ಟ್‌ವೇರಿನ ಹಳೆಯ ಆಸ್ಕಿ (ಯೂನಿಕೋಡ್ ಅಲ್ಲದ) ಫಾಂಟ್‌ನಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳು ಕೂತಿರುತ್ತವೆ. ಎಲ್ಲ ಸರಿ ಅನಿಸಿದ ಮೇಲೆ ಅಕ್ಷರಗಳನ್ನು ಕರ್ವ್ಸ್‌ಗೆ (ಬರೀ ಆಕಾರದ ಗೆರೆಗಳಿಗೆ) ಬದಲಾಯಿಸಿ ಕಳಿಸಿ, ಇಲ್ಲದಿದ್ದರೆ ಕಟಿಂಗ್ ಅಂಗಡಿಯ ಕಂಪ್ಯೂಟರಿನಲ್ಲಿ ಫಾಂಟ್ ಬದಲಾಗಬಹುದು.

3 ಇಂಚಿನ ಅಕ್ಷರಕ್ಕೆ ಅಪಾಸ್ಟ್ರಫಿ ಒಂದು ಇಂಚಿನೊಳಗಿನ ತುಂಡು. ಡಬಲ್ ಟೇಪಿನಲ್ಲಿ ಅಂಟಿಸಿದರೆ ನಮ್ಮ ಜುಲೈ ಮಳೆಗೆ ಮೊದಲು ಬೀಳೋದು ಅದೇ. ಹಿಂದೆ ಒಂದು ಪಿನ್ ಕೊಟ್ಟು ಎಪಾಕ್ಸಿಯಲ್ಲಿ ಕೂರಿಸಿ, ಅಥವಾ ಪಕ್ಕದ ಎಸ್ ಜೊತೆ ಒಂದೇ ತೆಳು ಬ್ಯಾಕ್‌ಪ್ಲೇಟಿಗೆ ಸೇರಿಸಿ.

ಉತ್ತರ (ವಿರಾಜಪೇಟೆ)

ಹೋಂಸ್ಟೇಯವರಿಗೆ ಕಟಿಂಗ್‌ಗೆ ಮೊದಲು ಇದೊಂದು ತಿಳಿಸಿ: ವೆಬ್ ವಿಳಾಸದಲ್ಲಿ ಅಪಾಸ್ಟ್ರಫಿ ಹಾಕೋಕಾಗಲ್ಲ. ಇಂಗ್ಲಿಷ್ ಡೊಮೇನ್ ಹೆಸರಿನಲ್ಲಿ (ವೆಬ್ ವಿಳಾಸದ ಮುಖ್ಯ ಹೆಸರಿನಲ್ಲಿ) ಅಕ್ಷರ, ಅಂಕಿ, ಹೈಫನ್ ಇಷ್ಟಕ್ಕೇ ಜಾಗ. ಬೋರ್ಡೂ ವಿಳಾಸವೂ ಒಂದೇ ಥರ ಕಾಣಬೇಕು ಅಂತಿದ್ದರೆ ಅಂಗಡಿ-ಹೋಟೆಲ್ ಹೆಸರಿನಲ್ಲಿ ಚಿಹ್ನೆ ಬಿಡೋದು ತಪ್ಪೇನಲ್ಲ. ಬ್ರಿಟನ್ನಿನ ಪುಸ್ತಕದಂಗಡಿ ವಾಟರ್‌ಸ್ಟೋನ್ಸ್ 2012ರಲ್ಲಿ ಹಾಗೇ ಮಾಡಿತು, ವ್ಯಾಕರಣದವರು ಬೈದರೂ ಚಿಹ್ನೆಯನ್ನು ಮತ್ತೆ ಹಾಕಲಿಲ್ಲ. ಬಿಟ್ಟರೆ ಬೋರ್ಡು, ಬಿಲ್ಲು, ಮ್ಯಾಪ್ ಲಿಸ್ಟಿಂಗ್ ಎಲ್ಲ ಕಡೆ ಬಿಡಬೇಕು. ಇಎಸ್ ಮಾತ್ರ ಆಗಲೂ ಇರಲೇಬೇಕು.