ಅಪ್‌ಡೇಟ್: 1985ರ ಪ್ಯಾರಾಚೂಟ್ ಬಿಚ್ಚಿಸಿ ನೋಡಿದೆ

ಹಳೇ ಗ್ಲೈಡರ್ ಜತೆ ಬಂದ 1985ರ ಎಮರ್ಜೆನ್ಸಿ ಪ್ಯಾರಾಚೂಟ್ ಬಳಸಬಹುದಾ ಅಂತ ಕೇಳಿದ್ದೆನಲ್ಲ, ಉತ್ತರ ಸಿಕ್ಕಿತು.

ನಾನಿರೋ ಅಮೆರಿಕದಲ್ಲಿ ವಿಮಾನಯಾನ ಇಲಾಖೆ ಎಫ್‌ಎಎಯ ನಿಯಮ ಇಂತಿಷ್ಟೇ ವರ್ಷ ಅನ್ನೋದಿಲ್ಲ. ನೈಲಾನ್ ಪ್ಯಾರಾಚೂಟನ್ನು ಹಿಂದಿನ 180 ದಿನದೊಳಗೆ ರಿಗ್ಗರ್ (ಪ್ಯಾರಾಚೂಟ್ ಪರೀಕ್ಷಿಸಿ ಮಡಚೋ ಪರವಾನಗಿ ಇರೋ ತಜ್ಞ) ಮಡಚಿರಬೇಕು, ಅಷ್ಟೇ. ಆಯಸ್ಸು ಹೇಳೋದು ತಯಾರಕರು, ಹಲವರು 20 ವರ್ಷ ಅಂತಾರೆ.

ರಿಗ್ಗರ್ ಉದ್ದನೆ ಮೇಜಿನ ಮೇಲೆ ಅದನ್ನು ಬಿಡಿಸಿ, ಬಲೆಯಂಥ ಮೆಶ್ ಮೇಲೆ ಆಮ್ಲ ತಾಗಿದರೆ ಬಣ್ಣ ಬದಲಿಸೋ ಬ್ರೊಮೊಕ್ರೆಸಾಲ್ ಗ್ರೀನ್ ಹನಿಸಿದರು. ನೀಲಿ ದ್ರಾವಣ ಹಳದಿಗೆ ತಿರುಗಿತು! ಆ ಕಾಲದ ಕೆಲವು ಮೆಶ್‌ಗಳಲ್ಲಿನ ಆಮ್ಲ ಪಕ್ಕದ ನೈಲಾನ್ ಬಟ್ಟೆಯನ್ನೇ ತಿನ್ನುತ್ತೆ. ಕಣ್ಣಿಗೆ ಹೊಸದರ ಹಾಗಿದ್ದ ಬಟ್ಟೆ, ಕ್ಲ್ಯಾಂಪ್ ಹಾಕಿ ಎಳೆದರೆ ಪರ್ರನೆ ಹರಿಯಿತು. ಮುಂದಿನ ವಾರ ಅದನ್ನೇ ಬೆನ್ನಿಗೆ ಕಟ್ಟಿಕೊಂಡು ಹಾರೋನಿದ್ದೆ, ನೆನೆದರೆ ಕೈ ನಡುಗುತ್ತೆ.

ಹೊಸದಕ್ಕೆ ಆರ್ಡರ್ ಕೊಟ್ಟಿದ್ದೀನಿ. ‘ಮೊದಲು ಬಿಚ್ಚಿಸಿ ನೋಡಿ’ ಅಂದವರಿಗೆ ನನ್ನ ಮನೆಯವರೆಲ್ಲರ ನಮಸ್ಕಾರ.