ಪಿಡಿಎಫ್ ಲೇಬಲ್‌ನಲ್ಲಿ ಬಾರ್‌ಕೋಡ್ ಗೆರೆಗಳು ಮೂಡುತ್ತವೆ, ಆದರೆ ಸ್ಕ್ಯಾನರ್ ಓದುವುದಿಲ್ಲ

ಪ್ರಶ್ನೆ:
ನಮಸ್ಕಾರ ಸರ್. ಕಾಲೇಜಿನ ಗ್ರಂಥಾಲಯವೊಂದಕ್ಕೆ ಪುಸ್ತಕದ ಲೇಬಲ್‌ಗಳನ್ನು ಪಿಡಿಎಫ್ ರೂಪದಲ್ಲಿ ಸಿದ್ಧಪಡಿಸುವ ಪ್ರೋಗ್ರಾಮನ್ನು ಜಾವಾ 11ರಲ್ಲಿ ಬರೆದಿದ್ದೇನೆ. ಎಕ್ಸ್‌ಎಚ್‌ಟಿಎಂಎಲ್ ಪುಟವನ್ನು ಫ್ಲೈಯಿಂಗ್ ಸಾಸರ್ ಎಂಬ ಜಾವಾ ಲೈಬ್ರರಿಯ ಮೂಲಕ ಪಿಡಿಎಫ್ ಆಗಿ ಪರಿವರ್ತಿಸುತ್ತೇನೆ. ನಾಲ್ಕಂಕಿಯ ಆಕ್ಸೆಷನ್ ಸಂಖ್ಯೆಯನ್ನು (ಪುಸ್ತಕದ ದಾಖಲೆ ಸಂಖ್ಯೆ) ಅಕ್ಷರಗಳನ್ನು ಗೆರೆಗಳಾಗಿ ತೋರಿಸುವ ಲಿಬ್ರೆ ಬಾರ್‌ಕೋಡ್ 128 ಫಾಂಟ್‌ನಲ್ಲಿ ಮೂಡಿಸುತ್ತೇನೆ. ನನ್ನ ಲಿನಕ್ಸ್ ಲ್ಯಾಪ್‌ಟಾಪ್‌ನಲ್ಲಿ ತಯಾರಾದ ಲೇಬಲ್‌ಗಳನ್ನು ಸ್ಕ್ಯಾನರ್ ಬಹುಮಟ್ಟಿಗೆ ಓದುತ್ತದೆ. ಆದರೆ 4156ರ ಲೇಬಲ್‌ನಲ್ಲಿ ಕೊನೆಯ ಗೆರೆಗಳು ಕೆಳಗಿನ ಸಾಲಿಗೆ ಇಳಿಯುತ್ತವೆ, 4176 ಬಂದಾಗ ಪ್ರೋಗ್ರಾಂ ದೋಷ ತೋರಿಸಿ ನಿಂತುಬಿಡುತ್ತದೆ. ಅದೇ ಪ್ರೋಗ್ರಾಮನ್ನು ಗ್ರಂಥಾಲಯದ ವಿಂಡೋಸ್ ಸರ್ವರ್‌ನಲ್ಲಿ ಕಂಪೈಲ್ ಮಾಡಿ ನಡೆಸಿದರೆ ಗೆರೆಗಳೇನೋ ಮೂಡುತ್ತವೆ, ಆದರೆ ಒಂದು ಲೇಬಲ್ಲನ್ನೂ ಸ್ಕ್ಯಾನರ್ ಓದುವುದಿಲ್ಲ. ಫಾಂಟ್ ಫೈಲ್ ಕೆಟ್ಟಿರಬಹುದೇ?

ಉತ್ತರ:
ಫಾಂಟ್ ಕೆಟ್ಟಿದ್ದರೆ ಲ್ಯಾಪ್‌ಟಾಪ್‌ನ ಲೇಬಲ್‌ಗಳೂ ಓದಲು ಬರುತ್ತಿರಲಿಲ್ಲ. ಗೆರೆಗಳನ್ನು ನೋಡಿ ಏನೂ ತಿಳಿಯುವುದಿಲ್ಲವಾದ್ದರಿಂದ, ಪುಟಕ್ಕೆ ಸೇರಿಸುವ ಮುನ್ನ ಆ ಪಠ್ಯದ ಪ್ರತಿಯೊಂದು ಅಕ್ಷರದ ಯೂನಿಕೋಡ್ ಸಂಖ್ಯೆಯನ್ನು ಎರಡೂ ಕಂಪ್ಯೂಟರ್‌ಗಳಲ್ಲಿ ಲಾಗ್‌ಗೆ ಬರೆಸಿ, ಇಲ್ಲಿ ಹಾಕಿ. ಉದಾಹರಣೆಗೆ 4157 ತೆಗೆದುಕೊಳ್ಳಿ.

ಪ್ರಶ್ನೆ ಕೇಳಿದವರು:
ಲ್ಯಾಪ್‌ಟಾಪ್‌ನಲ್ಲಿ: 204, 52, 49, 53, 55, 36, 206.
ಸರ್ವರ್‌ನಲ್ಲಿ: 195, 338, 52, 49, 53, 55, 36, 195, 381.

ಉತ್ತರ:
ಸರ್ವರ್‌ನ ತೊಂದರೆ ಇಲ್ಲಿಯೇ ಇದೆ. ಈ ಫಾಂಟ್‌ನಲ್ಲಿ 204 ಎಂದರೆ ಆರಂಭದ ಗುರುತು, 206 ಎಂದರೆ ಕೊನೆಯ ಗುರುತು. ನೀವು ಇವೆರಡನ್ನೂ ಅಕ್ಷರರೂಪದಲ್ಲಿಯೇ ಸೋರ್ಸ್ ಫೈಲಿನಲ್ಲಿ ಟೈಪ್ ಮಾಡಿದ್ದೀರಿ. ಯುಟಿಎಫ್-8 ಎನ್‌ಕೋಡಿಂಗ್‌ನಲ್ಲಿ (ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಪದ್ಧತಿ) ಉಳಿಸಿದ ಆ ಫೈಲಿನಲ್ಲಿ ಪ್ರತಿಯೊಂದು ಗುರುತೂ ಎರಡು ಬೈಟ್ ಆಗಿರುತ್ತದೆ, ಅದನ್ನು ಸರ್ವರ್‌ನ ಕಂಪೈಲರ್ ವಿಂಡೋಸ್-1252 ಎಂಬ ಬೇರೆ ಎನ್‌ಕೋಡಿಂಗ್ ಎಂದು ಭಾವಿಸಿ ಎರಡು ಬೇರೆ ಬೇರೆ ಅಕ್ಷರಗಳಾಗಿ ಓದಿದೆ. ಜಾವಾ 18ಕ್ಕಿಂತ ಹಿಂದಿನ ಆವೃತ್ತಿಗಳು ಆಪರೇಟಿಂಗ್ ಸಿಸ್ಟಂನ ಎನ್‌ಕೋಡಿಂಗನ್ನೇ ಅನುಸರಿಸುತ್ತವೆ. ಇದರಲ್ಲಿ ದಾರಿ ತಪ್ಪಿಸುವ ಸಂಗತಿಯೆಂದರೆ 195ಕ್ಕೂ ಈ ಫಾಂಟ್‌ನಲ್ಲಿ ಗೆರೆಗಳಿವೆ. ಆದ್ದರಿಂದಲೇ ಬಾರ್‌ಕೋಡ್ ನೋಡಲು ಸರಿಯಾಗಿದೆ, ಆದರೆ ಆರಂಭದ ಗುರುತೇ ಇಲ್ಲದೆ ಸ್ಕ್ಯಾನರ್‌ಗೆ ಅದು ಬಾರ್‌ಕೋಡೇ ಅಲ್ಲ. ಕಂಪೈಲರ್‌ಗೆ ಎನ್‌ಕೋಡಿಂಗ್ ಯುಟಿಎಫ್-8 ಎಂದು ಸ್ಪಷ್ಟವಾಗಿ ತಿಳಿಸಿ. ಅದಕ್ಕಿಂತ ಭದ್ರವಾದ ದಾರಿ, ಗುರುತುಗಳನ್ನು ಟೈಪ್ ಮಾಡದೆ 204 ಮತ್ತು 206 ಎಂಬ ಸಂಖ್ಯೆಗಳಿಂದಲೇ ಅಕ್ಷರವನ್ನು ಪಡೆಯುವುದು.

ಇನ್ನು 4156ರ ವಿಷಯ. ಈ ಫಾಂಟ್ ಅನುಸರಿಸುವ ಕೋಡ್ 128 ಬಾರ್‌ಕೋಡ್ ಪದ್ಧತಿಯ ಬಿ ಗಣದಲ್ಲಿ (ಅದರ ಅಕ್ಷರಪಟ್ಟಿಗಳಲ್ಲೊಂದು) ಆರಂಭದ ಗುರುತಿನ ಬೆಲೆ 104. ಪ್ರತಿ ಅಂಕಿಯ ಬೆಲೆ ಅದರ ಆಸ್ಕಿ ಸಂಖ್ಯೆಯಿಂದ 32 ಕಳೆದಷ್ಟು. ಆ ಬೆಲೆಯನ್ನು ಅಂಕಿಯ ಸ್ಥಾನದಿಂದ ಗುಣಿಸಿ, ಎಲ್ಲವನ್ನೂ ಕೂಡಿಸಿ, 103ರಿಂದ ಭಾಗಿಸಿದಾಗ ಉಳಿಯುವ ಶೇಷವೇ ಚೆಕ್ ಅಕ್ಷರದ (ಸ್ಕ್ಯಾನರ್ ತಪ್ಪು ಹಿಡಿಯಲು ಬಳಸುವ ಅಕ್ಷರ) ಬೆಲೆ. 4156ಕ್ಕೆ 104, 20, 34, 63, 88 ಕೂಡಿ 309 ಆಗುತ್ತದೆ, ಶೇಷ ಸೊನ್ನೆ. ಸೊನ್ನೆಗೆ 32 ಮರಳಿ ಕೂಡಿಸಿದರೆ ಸಿಗುವ ಅಕ್ಷರ ಸ್ಪೇಸ್! ಫಾಂಟ್‌ಗೆ ಅದು ಗೆರೆಗಳ ಒಂದು ಗುಂಪು, ಆದರೆ ಎಕ್ಸ್‌ಎಚ್‌ಟಿಎಂಎಲ್ ಪುಟಕ್ಕೆ ಅದು ಸಾಲು ಮುರಿಯಬಹುದಾದ ಜಾಗ, ಹಾಗಾಗಿ ಕಿರಿದಾದ ಲೇಬಲ್‌ನಲ್ಲಿ ಕೊನೆಯ ಗುರುತು ಕೆಳಗಿನ ಸಾಲಿಗೆ ಹೋಗಿದೆ. ಸಿಎಸ್‌ಎಸ್‌ನಲ್ಲಿ ವೈಟ್-ಸ್ಪೇಸ್ ಗುಣಕ್ಕೆ ಪ್ರೀ ಎಂದು ಕೊಡಿ. ಅಲ್ಲಿಯೇ ಲೆಟರ್-ಸ್ಪೇಸಿಂಗ್ ಮತ್ತು ಜಸ್ಟಿಫೈ ಇದ್ದರೆ ತೆಗೆದುಹಾಕಿ, ಅವು ಗೆರೆಗಳ ನಡುವಿನ ಅಂತರವನ್ನು ಹಿಗ್ಗಿಸುತ್ತವೆ.

4176ರ ಶೇಷ 6, ಅಂದರೆ ಆಂಪರ್‌ಸ್ಯಾಂಡ್ ಚಿಹ್ನೆ. ಎಕ್ಸ್‌ಎಚ್‌ಟಿಎಂಎಲ್ ಪಾಲಿಸುವ ಎಕ್ಸ್‌ಎಂಎಲ್ ನಿಯಮದ ಪ್ರಕಾರ ಅದು ಒಂಟಿಯಾಗಿ ಬರುವಂತಿಲ್ಲ. 4996ಕ್ಕೂ ಇದೇ ಗತಿ ಕಾದಿದೆ: ಅದರ ಶೇಷ 28, ಚೆಕ್ ಅಕ್ಷರ ಟ್ಯಾಗ್ ತೆರೆಯುವ ಚಿಹ್ನೆ. ಚೆಕ್ ಅಕ್ಷರವನ್ನು ಲೆಕ್ಕ ಹಾಕಿದ ಮೇಲೆ, ಇಡೀ ಪಠ್ಯವನ್ನು ಎಕ್ಸ್‌ಎಂಎಲ್‌ಗಾಗಿ ಎಸ್ಕೇಪ್ ಮಾಡಿಯೇ (ಅಂತಹ ಚಿಹ್ನೆಗಳನ್ನು ಸಂಕೇತರೂಪಕ್ಕೆ ಬದಲಿಸಿಯೇ) ಪುಟಕ್ಕೆ ಸೇರಿಸಿ.

ಪ್ರಶ್ನೆ ಕೇಳಿದವರು:
ತುಂಬಾ ಧನ್ಯವಾದಗಳು ಸರ್, ಮೂರೂ ಸರಿಹೋದವು. ಲೇಬಲ್‌ಗಳನ್ನು 203 ಡಿಪಿಐ (ಇಂಚಿಗೆ 203 ಚುಕ್ಕೆ) ಥರ್ಮಲ್ ಪ್ರಿಂಟರ್‌ನಲ್ಲಿ ಮುದ್ರಿಸಬೇಕಾಗಿದೆ. ಫಾಂಟ್‌ನ ಅಳತೆಯನ್ನು ಎಷ್ಟು ಇಡಬೇಕು?

ಉತ್ತರ:
ಪಾಯಿಂಟ್ ಲೆಕ್ಕದಲ್ಲಿ ಯೋಚಿಸದೆ, ಅತ್ಯಂತ ತೆಳುವಾದ ಗೆರೆಯ ಅಗಲದಿಂದ ಆರಂಭಿಸಿ. ಆ ಪ್ರಿಂಟರ್‌ನ ಒಂದು ಚುಕ್ಕೆ ಸುಮಾರು 0.125 ಮಿ.ಮೀ. ಇರುವುದರಿಂದ ಗೆರೆಯ ಅಗಲ ಪೂರ್ಣ ಚುಕ್ಕೆಗಳಷ್ಟೇ ಇರಬೇಕು. ಎರಡೂವರೆ ಚುಕ್ಕೆಯ ಅಗಲ ಕೊಟ್ಟರೆ ಪ್ರಿಂಟರ್ ಕೆಲವು ಗೆರೆಗಳನ್ನು ಎರಡಕ್ಕೂ ಕೆಲವನ್ನು ಮೂರಕ್ಕೂ ಹೊಂದಿಸಿ ಎಲ್ಲವನ್ನೂ ಕೆಡಿಸುತ್ತದೆ. ನಿಮ್ಮ ಪಠ್ಯದ ಮೊದಲ ಆರು ಗುರುತುಗಳಿಗೆ ತಲಾ 11, ಕೊನೆಯದಕ್ಕೆ 13, ಒಟ್ಟು 79 ಮಾಡ್ಯೂಲ್ (ಒಂದು ಮಾಡ್ಯೂಲ್ ಎಂದರೆ ಅತ್ಯಂತ ತೆಳುವಾದ ಗೆರೆಯಷ್ಟು ಅಗಲ). ಒಂದು ಮಾಡ್ಯೂಲ್‌ಗೆ ಎರಡು ಚುಕ್ಕೆಯಂತೆ 19.75 ಮಿ.ಮೀ. ಆಗುತ್ತದೆ, ಎರಡೂ ಬದಿಗೆ ತಲಾ 2.5 ಮಿ.ಮೀ. ಖಾಲಿ ಜಾಗ ಬೇಕೇ ಬೇಕು. ಮುದ್ರಿತ ಬಾರ್‌ಕೋಡನ್ನು ಸ್ಕೇಲ್‌ನಿಂದ ಅಳೆದು ಆ ಅಗಲ ಬರುವ ತನಕ ಫಾಂಟ್‌ನ ಅಳತೆಯನ್ನು ಬದಲಾಯಿಸಿ. ಪ್ರಿಂಟ್ ಕೊಡುವಾಗ ಫಿಟ್ ಆಯ್ಕೆಯನ್ನು ಬಿಟ್ಟು ಆಕ್ಚುಯಲ್ ಸೈಜ್ ಆಯ್ದುಕೊಳ್ಳಿ.

ನಾನಾಗಿದ್ದರೆ ಮುಂದಿನ ಆವೃತ್ತಿಯಲ್ಲಿ ಫಾಂಟನ್ನೇ ಕೈಬಿಟ್ಟು, ಬಾರ್‌ಕೋಡ್4ಜೆಯಂತಹ ಲೈಬ್ರರಿಯಿಂದ ಗೆರೆಗಳನ್ನು ನೇರವಾಗಿ ಚಿತ್ರಿಸುತ್ತಿದ್ದೆ. ಚೆಕ್ ಅಕ್ಷರದ ಲೆಕ್ಕವನ್ನೂ ಅದೇ ನೋಡಿಕೊಳ್ಳುತ್ತದೆ. ಅಲ್ಲಿಯವರೆಗೆ, ಪ್ರತಿ ಬದಲಾವಣೆಯ ನಂತರ 4156, 4176, 4996 ಈ ಮೂರು ಲೇಬಲ್‌ಗಳನ್ನು ಮುದ್ರಿಸಿ ಸ್ಕ್ಯಾನ್ ಮಾಡಿದ ಮೇಲೆಯೇ ಉಳಿದವನ್ನು ಮುದ್ರಣಕ್ಕೆ ಕಳುಹಿಸಿ.